ಆಷಾಢದ ಬಿಸಿಲು

ಆಷಾಢದಲ್ಲಿ ಯಾರಿಗಾದರೂ ಬಿಸಿಲು ಬಡಿಯುತ್ತದೆಯೇ? ತೆಲುಗು ಸೀಮೆಯ ಉಪ್ಪಲ್‌ನ ನಮ್ಮ ಬಸ್ತಿಯಲ್ಲಿ ಬಡಿಯಿತು. ವಾರದಿಂದ ಜಿಟಿಜಿಟಿ ಮಳೆ, ಒಗೆದ ಬಟ್ಟೆ ಒಣಗುತ್ತಿರಲಿಲ್ಲ. ಆದರೂ ಹನ್ನೊಂದು ಮನೆಗಳ ವಾಂತಿಭೇದಿಗೆ ನಾನು ರಿಜಿಸ್ಟರಿನಲ್ಲಿ ‘ಬಿಸಿಲು’ ಎಂದೇ ಬರೆದೆ. ನಾನು ಬಂಡೆಮ್ಮ, ಕನ್ನಡದವಳು, ಹದಿನಾಲ್ಕು ವರ್ಷಗಳಿಂದ ಇಲ್ಲಿ ಆಶಾ ಕಾರ್ಯಕರ್ತೆ. ಹಾಗೆ ಬರೆಯಲು ಹೇಳಿದ್ದು ನಮ್ಮ ಕಾರ್ಪೊರೇಟರ್. ಬರೆದ ಕೈ ಮಾತ್ರ ನನ್ನದು.

ಸುಳ್ಳು ಬರೀ ರಿಜಿಸ್ಟರಿನಲ್ಲಿ ಉಳಿದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಗುರುವಾರ ಪಕ್ಕದ ಮನೆಯ ಪ್ರೇಮಾ ತನ್ನ ನಾಲ್ಕು ವರ್ಷದ ಮಗಳು ಲಹರಿಯನ್ನು ಎತ್ತಿಕೊಂಡು ಬಂದಳು. ಮಗುವಿಗೆ ಬೆಳಗಿನಿಂದ ಭೇದಿ. ನಾನು ದೊಡ್ಡ ಡಾಕ್ಟರಮ್ಮನ ಹಾಗೆ, “ಬಿಸಿಲಿಗೆ ಹಿಂಗಾಗ್ತೈತಿ, ನೀರು ಭಾಳ ಕುಡಸು” ಅಂದೆ. ಪ್ರೇಮಾ ಹೇಳಿದ ಮಾತು ಮೀರುವವಳಲ್ಲ. ಅರ್ಧ ಗಂಟೆಗೊಂದು ಲೋಟ, ಹೊಸ ಟ್ಯಾಂಕಿನ ನಲ್ಲಿಯಿಂದಲೇ ಕುಡಿಸಿದಳು. ಶನಿವಾರ ಬೆಳಗ್ಗೆ ಮಗುವಿನ ಕಣ್ಣು ಗುಳಿಬಿದ್ದಿತ್ತು. ಆಸ್ಪತ್ರೆಗೆ ಒಯ್ದು ಸಲೈನ್ ಹಚ್ಚಿದರು.

ನಾನು ನೇರ ನಮ್ಮ ದವಾಖಾನೆಯ ಡಾಕ್ಟರ್ ರವಿಶಂಕರ್ ಹತ್ತಿರ ಹೋದೆ. ಬೀದರಿನವರು, ಒಳ್ಳೆಯವರು, ಪುಕ್ಕಲರು. ಬಾಗಿಲು ಹಾಕಿ ಡ್ರಾಯರಿನಿಂದ ಒಂದು ಕಾಗದ ತೆಗೆದರು.

“ಕಾಲರಾ ಐತ್ರಿ ಬಂಡೆಮ್ಮ. ಟ್ಯಾಂಕಿನ ನೀರಿನಾಗ ಐತಿ. ಬುಧವಾರನ ರಿಪೋರ್ಟ್ ಬಂತು.”

“ಬುಧವಾರ? ಇವತ್ತ ಶನಿವಾರ್ರಿ!”

“ಮ್ಯಾಲಿನವರು ಬಾಯಿ ಮುಚ್ಚಿಸ್ಯಾರ. ನಾಳೆ ಬೋನಾಲು ಹಬ್ಬ, ಮಂತ್ರಿ ಬರಾಕತ್ತಾರ. ಆ ಟ್ಯಾಂಕ್ ಉದ್ಘಾಟನೆ ಮಾಡಿದವರು ಅವರ. ಹಬ್ಬ ಮುಗೀಲಿ, ಆಮ್ಯಾಲೆ ಹೇಳೂಣು ಅಂದಾರ.”

ನಾಳೆ ಮಂತ್ರಿಗಳ ಕೈಯಿಂದ ಎರಡು ಸಾವಿರ ಜನಕ್ಕೆ ಮಜ್ಜಿಗೆ ಹಂಚುವುದಿತ್ತು, ಅದೇ ಟ್ಯಾಂಕಿನ ನೀರಿನಲ್ಲಿ. 

“ನಿಮ್ಮನಿ ಕೂಸಾಗಿದ್ರ ಹಿಂಗ ಡ್ರಾಯರಿನಾಗ ಇಟ್ಟು ಕುಂದರತಿದ್ರೇನ್ರಿ?”

ಅವರು ಕಾಗದವನ್ನು ಮತ್ತೆ ಡ್ರಾಯರಿಗೆ ಹಾಕಿದರು. “ರಿಜಿಸ್ಟರಿನಾಗ ಬರದ್ರ ಹರದು ಒಗೀತಾರ” ಅಂದರು.

“ಹಂಗಾದ್ರ ಹರಿಯಾಕ ಆಗದಂಥ ಜಾಗಾದಾಗ ಬರೀತೀನಿ.”

ಪೋಲಿಯೊ ಹನಿ ಹಾಕುವಾಗ ನಾವು ಮನೆಮನೆಗೆ ಹೋಗಿ ಬಾಗಿಲ ಪಕ್ಕ ಸೀಮೆಸುಣ್ಣದಿಂದ ಗುರುತು ಹಾಕುತ್ತೇವೆ. ಹನಿ ಬಿದ್ದ ಮನೆಗೆ ಒಂದು ಗುರುತು, ಮಗು ತಪ್ಪಿಹೋದ ಮನೆಗೆ ಕತ್ತರಿ ಗುರುತು. ಕತ್ತರಿ ಕಂಡರೆ ಈ ಮನೆಯಲ್ಲಿ ಇನ್ನೂ ಕೆಲಸವಿದೆ ಎಂದು ಬಸ್ತಿಯ ಕೂಸಿಗೂ ಗೊತ್ತು. ನನ್ನ ಚೀಲದಲ್ಲಿ ಅರ್ಧ ಡಬ್ಬಿ ಸೀಮೆಸುಣ್ಣ ಉಳಿದಿತ್ತು.

ಮೊದಲು ಪ್ರೇಮಾಳ ಮನೆ. ಮಗುವಿನ ಬಟ್ಟೆ ಒಯ್ಯಲು ಬಂದಿದ್ದಳು. ಎಲ್ಲವನ್ನೂ ಹೇಳಿದೆ, ನನ್ನ ಸುಳ್ಳನ್ನೂ ಹೇಳಿದೆ. ಅವಳು ನನ್ನನ್ನು ಹೊಡೆದಿದ್ದರೆ ಹಗುರಾಗುತ್ತಿತ್ತು. “ನನ್ನ ಕೈಯಾರೆ ಕುಡಿಸಿದ್ನಲ್ಲ ಯವ್ವಾ” ಎಂದು ಹೊಸ್ತಿಲಲ್ಲೇ ಕುಸಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಹಾಕು. ದೊಡ್ಡದಾಗಿ ಹಾಕು” ಅಂದಳು.

ಕತ್ತರಿ ಹಾಕಿ ಕೆಳಗೆ ‘ಕಾಲರಾ, 1’ ಎಂದು ತೆಲುಗಿನಲ್ಲಿ ಬರೆದೆ. ಪ್ರತಿ ಮನೆಯಲ್ಲೂ ಕೇಳಿಯೇ ಹಾಕಿದೆ. ನಾಚಿಕೆಯಿಂದ ಮುಚ್ಚಿಟ್ಟಿದ್ದವರೂ ಬಾಯಿ ಬಿಟ್ಟರು. ನಾಲ್ಕು ಗಂಟೆಯ ಹೊತ್ತಿಗೆ ಹನ್ನೊಂದು ಮನೆ ಹತ್ತೊಂಬತ್ತಾಗಿತ್ತು. ಮಳೆ ನಿಂತಿತ್ತು; ಹಬ್ಬಕ್ಕೆ ದೇವಿಗೆ ಒಪ್ಪಿಸುವ ಬೋನದ ಅನ್ನಕ್ಕೆಂದು ತಂದಿದ್ದ ಕಟ್ಟಿಗೆಯಿಂದ ಹೆಂಗಸರು ಓಣಿಯಲ್ಲೇ ಒಲೆ ಹೂಡಿ ನೀರು ಕುದಿಸತೊಡಗಿದರು.

ಕಾರ್ಪೊರೇಟರ್ ಇಬ್ಬರು ಆಳುಗಳ ಜೊತೆ ಬಂದರು. “ಯೇ ಕ್ಯಾ ತಮಾಷಾ ಹೈ?” ಎಂದು ಕೂಗಿದರು. ಆಳುಗಳು ಒದ್ದೆ ಬಟ್ಟೆಯಿಂದ ಗೋಡೆ ಒರೆಸಹತ್ತಿದರು. ನಾಳೆಯಿಂದ ನನಗೆ ಕೆಲಸವಿಲ್ಲವಂತೆ. ಹೊರಗೆ ನಾನು ಯಾವತ್ತೂ ಹಿಂದಿಯಲ್ಲೇ ಮಾತಾಡುವುದು. ಆ ಹೊತ್ತು ಬಾಯಿಗೆ ಬಂದದ್ದು ಕನ್ನಡವೇ.

“ಕೆಲಸ ತಗೋರಿ. ಸುಣ್ಣ ಮಾತ್ರ ಕೊಡಂಗಿಲ್ಲ!”

ಆಳುಗಳು ಒರೆಸಿದ ಕಡೆ ಪ್ರೇಮಾ ಮತ್ತೆ ಬರೆದಳು. ಅವಳನ್ನು ನೋಡಿ ಇನ್ನಿಬ್ಬರು ನನ್ನ ಕೈಯಿಂದ ಸುಣ್ಣದ ತುಂಡು ಇಸಿದುಕೊಂಡರು.

ಆಗ ಮೂಲೆಯ ಎರಡಂತಸ್ತಿನ ಮನೆಯ ಗೇಟು ಕಿರುಗುಟ್ಟಿತು. ಹೊರಗೆ ಬಂದವಳು ಕಾರ್ಪೊರೇಟರರ ಹೆಂಡತಿ. ಎರಡು ದಿನ ನಿದ್ದೆಯಿಲ್ಲದ ಮುಖ. ಗಂಡನ ಕಡೆ ತಿರುಗಿಯೂ ನೋಡದೆ ನನ್ನ ಮುಂದೆ ನಿಂತಳು.

“ಅಕ್ಕಾ, ಮಾ ಇಂಟಿಕಿ ಕೂಡಾ ವೆಯ್ಯಿ.”

ನಮ್ಮ ಮನೆಗೂ ಹಾಕು ಎನ್ನುತ್ತಿದ್ದಳು. ಒರೆಸುವ ಕೈಗಳು ನಿಂತವು. ನಾನು ಆ ಗೇಟಿನವರೆಗೆ ನಡೆದೆ, ಕಾರ್ಪೊರೇಟರ್ ಹಿಂದೆಯೇ ಬಂದರು. ಕತ್ತರಿ ಹಾಕಿ, ಅವರ ಮುಖವನ್ನೇ ನೋಡುತ್ತ ಹಿಂದಿಯಲ್ಲಿ ಕೇಳಿದೆ, “ಎಷ್ಟು ಮಂದಿ ಸಾಹೇಬ್? ಕಾಲರಾನೋ, ಬಿಸಿಲೋ?”

ಅವರು ಗೇಟಿನ ಕಂಬಿ ಹಿಡಿದುಕೊಂಡರು. “ನಮ್ಮಮ್ಮ, ಮತ್ತೆ ಚಿಕ್ಕ ಮಗ” ಅಂದರು. ‘ಕಾಲರಾ, 2’ ಎಂದು ಬರೆದೆ. ಅವರು ಫೋನ್ ತೆಗೆದು ಮಜ್ಜಿಗೆ ಬೇಡ, ಟ್ಯಾಂಕಿನ ನೀರು ಬಂದ್ ಮಾಡಿ ಎಂದು ಯಾರಿಗೋ ಹೇಳುತ್ತಿದ್ದರು.

ಲಹರಿ ಒಂಬತ್ತನೇ ದಿನ ಮನೆಗೆ ಬಂದಳು. ನಾನು ಲೋಟದಲ್ಲಿ ನೀರು ಕೊಟ್ಟರೆ ಈಗಲೂ ಅವಳು ಮೊದಲು ತಾಯಿಯ ಮುಖ ನೋಡುತ್ತಾಳೆ.