ಹೊರಬಾಯಿಯ ಕುಡುಗೋಲು

ಹೊಳೆಯುತ್ತಿದೆ, ಬೇಕಾದ್ದಕ್ಕಿಂತ ಹೆಚ್ಚೇ ಹೊಳೆಯುತ್ತಿದೆ, ತಮ್ಮ ಹಿನ್ನೆರ್ಕ್ ಎರಡೆರಡು ಸಲ ಬಣ್ಣ ಹೊಡೆಸಿರಬೇಕು, ಹೆಬ್ಬಾಗಿಲ ಮೇಲಿನ ಓಕ್ ತೊಲೆಯ ಉದ್ದಕ್ಕೂ ಬಿಳಿ ಅಕ್ಷರ, ಯೋಬ್ಸ್ಟ್ ಐಕ್‌ಹಾಫ್ ಮತ್ತು ಅವನ ಹೆಂಡತಿ ಇಲ್ಸಾಬೈನ್ ಈ ಮನೆ ಕಟ್ಟಿಸಿದರು, ೧೬೮೮, ಕೊನೆಯಲ್ಲಿ ಅಂಗೈಯಗಲದ ಕುಡುಗೋಲು, ಅದಕ್ಕೆ ಚಿನ್ನದ ಬಣ್ಣ — ಕುಡುಗೋಲಂತೆ! ಎವಾಲ್ಡ್ ಮೇಷ್ಟ್ರು ಕತ್ತೆತ್ತಿಕೊಂಡೇ ನಿಂತಿದ್ದಾರೆ, ಎಡಕಂಕುಳಲ್ಲಿ ಒಂದು ಕಾಗದದ ಸುರುಳಿ, ಬಲಕಂಕುಳಲ್ಲಿ ಇನ್ನೊಂದು, ಒಳಗೆ ಕಾಳು ಬಡಿಯುವ ಕಣದಲ್ಲಿ ಬೆಂಚು ಎಳೆಯುವ ಸದ್ದು, ಕಾಫಿ, ಬೆಣ್ಣೆ ಕೇಕಿನ ವಾಸನೆ, ಸುತ್ತಲ ಹಳ್ಳಿಗಳಿಂದ ಬಂದ ಅರವತ್ತು ಜನ ಐಕ್‌ಹಾಫರು, ನಾಲ್ಕು ಗಂಟೆಗೆ ವಂಶವೃಕ್ಷ ಬಿಚ್ಚಬೇಕು, ಮೂವತ್ತೊಂದು ವರ್ಷದ ದುಡಿಮೆ, ಪ್ರತಿ ಬೇಸಿಗೆ ರಜೆಯಲ್ಲೂ ಪಾದ್ರಿಗಳ ಮನೆಯ ತಣ್ಣನೆಯ ಕೋಣೆಗಳು, ಹುಳ ತಿಂದ ಪುಸ್ತಕಗಳು, ಹುಟ್ಟು, ಮದುವೆ, ಸಾವು, ಸತ್ತವರ ಮದುವೆ ನೋಡಿ ನೋಡಿ ತಮ್ಮ ಮದುವೆಯನ್ನೇ ಮರೆತರು ನಮ್ಮ ಭಾವನವರು ಅಂತ ಲೀನಾ ನಗುತ್ತಾಳೆ, ಹಿನ್ನೆರ್ಕನ ಹೆಂಡತಿ, ನಗಲಿ, ಒಂಬತ್ತು ತಲೆಮಾರನ್ನು ಬೆರಳು ಮಡಚಿ ಹೇಳಬಲ್ಲವರು ಈ ಸೀಮೆಯಲ್ಲಿ ಇನ್ನು ಯಾರಿದ್ದಾರೆ? ಎಡಗಡೆಯ ಸುರುಳಿ ಹೋದ ವರ್ಷದ್ದು, ಅದರ ನೆತ್ತಿಯಲ್ಲಿ ದೊರೆಯ ಕೈಯಿಂದಲೇ ಜಮೀನು ಪಡೆದ ಹೆರ್ಮಾನ್ ಐಕ್‌ಹಾಫ್, ಅವನ ಮಗ ಯೋಬ್ಸ್ಟ್, ಅಲ್ಲಿಂದ ದಾರ ಹಿಡಿದ ಹಾಗೆ ನೇರ ಇಳಿದ ಗೆರೆ, ಎಷ್ಟು ಚೆಂದ. ಬಲಗಡೆಯದನ್ನು ಇವತ್ತು ಬೆಳಗ್ಗೆ ಚರ್ಚಿನಿಂದ ಬಂದವರೇ ಕೂತು ಬರೆದು ಮುಗಿಸಿದ್ದು, ಇನ್ನೂ ಯಾರೂ ನೋಡಿಲ್ಲ, ಇಂಕಿನ ವಾಸನೆ ಹೋಗಿಲ್ಲ.

ಗುರುವಾರ ಪಕ್ಕದೂರಿನ ಪಾದ್ರಿಯ ಮನೆ, ಸುಮ್ಮನೆ ಪುಟ ತಿರುಗಿಸುತ್ತಿದ್ದ ಕೈ ನಿಂತುಬಿಟ್ಟಿತ್ತು: ಸತ್ತ ದನಕುದುರೆಗಳ ಚರ್ಮ ಸುಲಿಯುವವನ ಮಗ ಯೋಬ್ಸ್ಟ್ ಕ್ವಾಸ್ಟ್, ಹೆರ್ಮಾನ್ ಐಕ್‌ಹಾಫನ ವಿಧವೆ ಇಲ್ಸಾಬೈನಳನ್ನು ಮದುವೆಯಾಗಿ ರೂಢಿಯಂತೆ ಜಮೀನಿನ ಐಕ್‌ಹಾಫ್ ಹೆಸರನ್ನೇ ಇಟ್ಟುಕೊಂಡ, ಮದುವೆಯೂಟಕ್ಕೆ ಯಾರೂ ಬರಲಿಲ್ಲ. ಹೆರ್ಮಾನ್ ಯೋಬ್ಸ್ಟನ ತಂದೆಯಲ್ಲ, ಅವನ ಹೆಂಡತಿಯ ತೀರಿಹೋದ ಮೊದಲ ಗಂಡ! ಮದುವೆಯಾಗಿ ಹೆಣ್ಣಿನ ಮನೆಗೆ ಬಂದವನು ಜಮೀನಿನ ಹೆಸರು ಹೊರುತ್ತಾನೆ, ಈ ಕಡೆ ದನ ಕಾಯುವವರಿಗೂ ಗೊತ್ತಿರುವ ಸಂಗತಿ, ಬೇರೆಯವರ ವಂಶವೃಕ್ಷದಲ್ಲಿ ಇದೇ ತಪ್ಪನ್ನು ಹದಿನೇಳು ಸಲ ಹಿಡಿದು ಮೀಸೆಯಡಿಯಲ್ಲೇ ನಕ್ಕವರು ತಾವು, ತಮ್ಮದರಲ್ಲಿ ಮಾತ್ರ ಹೆಸರಿನ ಹಿಂದೆ ಕಣ್ಣುಮುಚ್ಚಿ ಓಡಿದರು. ಶುಕ್ರವಾರ ಕೊಟ್ಟಿಗೆಯಲ್ಲಿ ಹಿನ್ನೆರ್ಕ್ ಹಾಲಿನ ಬಕೆಟ್ಟು ಕೆಳಗಿಟ್ಟು, ಏನ್ ಮೇಷ್ಟ್ರೇ, ಹೆಣ ಸುಲಿಯೋನ ಸಂತಾನ ನಾವು ಅಂತ ಅರವತ್ತು ಜನರ ಮುಂದೆ ಡಂಗುರ ಹೊಡೀತೀಯಾ? ನಾಳೆ ನನ್ನ ಹಾಲು ಯಾರು ಕುಡೀತಾರೆ? ಇನ್ನೂರ ನಲವತ್ತು ವರ್ಷದ ಹಿಂದಿನ ಮಾತು ಕಣೋ. ಊರಿನವರ ಮೂಗಿಗೆ ಅದೆಲ್ಲ ನಿನ್ನೆ ಮೊನ್ನೆ! ಹಳೇದನ್ನೇ ಬಿಚ್ಚು, ಕೇಕ್ ತಿನ್ನು, ಮನೆಗೆ ಹೋಗು, ಗೊತ್ತಿರೋದು ನಿನಗೆ ನನಗೆ ಇಬ್ಬರಿಗೇ ತಾನೆ — ಇಬ್ಬರಿಗೇ. ಯಾರಿಗೂ ಎಂದಿಗೂ ಗೊತ್ತಾಗದ ಸುಳ್ಳು ಸುಳ್ಳೇ ಹೌದೇ, ಪ್ರತಿ ವರ್ಷ ಕೊನೆಯ ತರಗತಿಗೆ ತಾವು ಕೊಡುವ ಪ್ರಶ್ನೆ, ನಾಲ್ಕು ಪುಟಕ್ಕೆ ಕಡಿಮೆಯಿಲ್ಲದೆ ಬರೆಯಬೇಕು, ಒಂದು ವರ್ಷ ಗಿರಣಿಯವನ ಮಗಳು ಒಂದೇ ಸಾಲು ಬರೆದಿದ್ದಳು, ಹೇಳಿದವನಿಗೆ ಗೊತ್ತಿರುತ್ತದಲ್ಲ ಮೇಷ್ಟ್ರೇ, ಅವನೇನು ಲೆಕ್ಕಕ್ಕಿಲ್ಲವೇ? ಪುಟ ಸಾಲದು ಅಂತ ಅಂಕ ಕಡಿದಿದ್ದರು, ಪಾಪ, ತತ್ತ್ವಶಾಸ್ತ್ರದ ಕಪಾಟು ಪೂರ್ತಿ ಆ ಒಂದು ಸಾಲಿನಲ್ಲಿತ್ತು.

ಭಾವನವರೇ, ಬರ್ತೀರೋ, ಕಾಫಿ ಆರಿಹೋಗುತ್ತೆ — ಬಂದೆ ಲೀನಾ, ಬಂದೆ — ಆದರೆ ಕಾಲು ಏಳದು, ಅಜ್ಜಿಯ ದನಿ ಎಲ್ಲಿಂದಲೋ, ಗೂಡೊಲೆಯ ಬಿಸಿ ಬೆನ್ನಿಗೆ, ಉಣ್ಣೆಯ ದಾರ ಅವಳ ಮಡಿಲಲ್ಲಿ, ಒಬ್ಬನಿದ್ದನಂತೆ ಮರಿ, ಅವನ ಜೊತೆ ಕೂತು ಯಾರೂ ಉಣ್ಣುತ್ತಿರಲಿಲ್ಲ, ಹೆಂಡದಂಗಡಿಯಲ್ಲಿ ಅವನ ಲೋಟ ಬಾಗಿಲ ಹೊರಗೆ ಮೊಳೆಗೆ ತೂಗುತ್ತಿತ್ತಂತೆ, ಒಂದು ಚಳಿಗಾಲ ದೊಡ್ಡ ಮನೆಯ ದನವೆಲ್ಲ ರೋಗ ಬಂದು ಬಿದ್ದವು, ಮುಟ್ಟಲಿಕ್ಕೆ ಬಂದವನು ಅವನೊಬ್ಬನೇ, ಕೆಲಸ ಮುಗಿಸಿ ಹಿಮದಲ್ಲಿ ನಿಂತಿದ್ದವನನ್ನು ವಿಧವೆ ಕೇಳಿದಳಂತೆ, ಊಟ ಆಯಿತೇ? ಅಷ್ಟೇ ಮಾತು, ಅವನು ಚಾಕುವನ್ನು ಹೊಸ್ತಿಲ ಮೇಲಿಟ್ಟು ಒಳಗೆ ಬಂದ. ಆಮೇಲೆ ಅಜ್ಜಿ? ಆಮೇಲೆ ನೀನು ಹುಟ್ಟಿದೆ, ಮಲಗು. ನೀನು ಹುಟ್ಟಿದೆ! ಅವಳಿಗೆ ಗೊತ್ತಿತ್ತು, ಓದು ಬರಹ ಬಾರದವಳಿಗೆ ಎಲ್ಲ ಗೊತ್ತಿತ್ತು, ಇಪ್ಪತ್ಮೂರು ವಯಸ್ಸಿನ ಪಂಡಿತ, ಅಂದಿನ ತಾವು, ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡದ್ದು ಹೀಗೆ: ಕಟ್ಟುಕಥೆ, ದಾಖಲೆಯಿಲ್ಲ. ದಾಖಲೆ ತಲೆಯ ಮೇಲೇ ಇತ್ತಲ್ಲ, ಓಕ್ ಮರದಲ್ಲಿ ಕೊರೆದು, ಕುಡುಗೋಲಿನ ಹರಿತವಾದ ಬಾಯಿ ಬಾಗಿನ ಒಳಗಡೆ ಇರಬೇಕು, ಇದರ ಬಾಯಿ ಹೊರಗಡೆ, ಕೆತ್ತಿದ ಬಡಗಿ ಕುಡಿದಿದ್ದ ಅಂತ ತಲೆತಲಾಂತರದಿಂದ ಎಲ್ಲರೂ ನಕ್ಕದ್ದೇ, ತಾವೂ ನಕ್ಕವರೇ, ಬಡಗಿ ನೆಟ್ಟಗೇ ಇದ್ದ, ಸುಲಿಯುವ ಚಾಕು ಅದು, ಯೋಬ್ಸ್ಟ್ ನಿಂತು ಕೆತ್ತಿಸಿದ್ದು, ಹೆಸರು ಬಿಡು ಅಂದರು ಬಿಟ್ಟ, ಚಾಕು ಬಿಡಲಿಲ್ಲ, ಊಟಕ್ಕೆ ಬಾರದವರೆಲ್ಲ ವಾರವಾರವೂ ಚರ್ಚಿಗೆ ಹೋಗುವ ದಾರಿಯಲ್ಲಿ ನೋಡಲಿ ಅಂತ ಬೀದಿಗೆ ಮುಖಮಾಡಿ ಇಟ್ಟ, ಎಂಥ ಕತ್ತು, ಎಂಥ ಬೆನ್ನು, ದೊರೆಯ ಮುಂದೆ ಮಂಡಿಯೂರಿದ ಹೆರ್ಮಾನ್ ಯಾರಿಗೆ ಬೇಕು, ಇವನ ರಕ್ತ ನನ್ನದು, ಇವನದು! — ಗಂಟೆ ನಾಲ್ಕು ಬಡಿಯುತ್ತಿದೆ, ಕಣದೊಳಗೆ ಬಂದು ಎಡಗಡೆಯ ಸುರುಳಿಯನ್ನು ಒಲೆಗೆ ಹಾಕಿದ್ದು ಯಾವಾಗ, ಬೆರಳು ಬಲಗಡೆಯದರ ದಾರ ಬಿಚ್ಚಿಯೇಬಿಟ್ಟಿವೆ, ಲೀನಾ ಬಗ್ಗಿ ಗಟ್ಟಿಯಾಗಿ ಓದುತ್ತಾಳೆ, ಯೋಬ್ಸ್ಟ್ ಕ್ವಾಸ್ಟ್, ಸುಲಿ... ಅಯ್ಯೋ ದೇವರೇ, ಬೆಂಚುಗಳು ಗುಜುಗುಜು, ಹಿನ್ನೆರ್ಕನ ಮುಖ ಕೆಂಡ, ಮಾನ ಕಳೆದೆಯಲ್ಲೋ, ಮೇಷ್ಟ್ರು ಅವನ ತೋಳು ಹಿಡಿದು ಬಾಗಿಲಾಚೆ ತಂದು ನಿಲ್ಲಿಸುತ್ತಾರೆ, ಹಿಂದೆಯೇ ಎಲ್ಲರೂ, ನಲವತ್ತು ವರ್ಷ ಹುಲ್ಲು ಕೊಯ್ದವನು ನೀನು, ಹೇಳು ಹಿನ್ನೆರ್ಕ್, ಅದರ ಬಾಯಿ ಯಾವ ಕಡೆ? ಹಿನ್ನೆರ್ಕನ ಹೆಬ್ಬೆರಳು ಗಾಳಿಯಲ್ಲಿ ಅಲಗು ತಡವುತ್ತದೆ, ಹೊರಗಡೆ, ಅನ್ನುತ್ತಾನೆ ಕೊನೆಗೆ, ಹೊರಗಡೆ ಕಣೋ, ಅರವತ್ತು ಕತ್ತು ಮೇಲೆದ್ದಿವೆ, ಯಾರೂ ನಗುತ್ತಿಲ್ಲ, ಮೇಷ್ಟ್ರು ಹೇಳಬೇಕೆಂದಿದ್ದ ಭಾಷಣ ಎಲ್ಲಿ ಹೋಯಿತು, ಬೇಡ, ಇಳಿಬಿಸಿಲು ತೊಲೆಯ ಮೇಲೆ ಜಾರಿ ಬಂದು ಚಿನ್ನದ ಹೊರಬಾಯಿಗೆ ತಾಗಿತು, ಹಿಮ, ಹೊಸ್ತಿಲು, ಊಟ ಆಯಿತೇ, ಹೊಸ್ತಿಲ ಮೇಲೆ ಇಟ್ಟ ಚಾಕು, ಆ ಚಾಕು.