ಬೆಲೆ ಕೂಗುವ ಅತ್ತೆ

ನನ್ನ ಸೋದರತ್ತೆ ಅಂಗಡಿಯಲ್ಲಿ ಚೌಕಾಸಿ ಮಾಡುವುದಿಲ್ಲ, ಪ್ರಕಟಣೆ ಹೊರಡಿಸುತ್ತಾಳೆ. ಒಂದು ಆಯುಷ್ಯವನ್ನೇ ರೈಲು ನಿಲ್ದಾಣದ ಮೈಕಿನ ಮುಂದೆ ಕಳೆದು, ಬರುವ ಗಾಡಿ ಹೋಗುವ ಗಾಡಿಗಳ ವರ್ತಮಾನವನ್ನು ಜನಜಂಗುಳಿಯ ಗದ್ದಲದ ಮೇಲೆ ಹಾಯಿಸಿದ ಕಂಠ ಅದು. ಕಿರುಚದೆ, ಏರದೆ, ಒಂದೊಂದು ಅಕ್ಷರವನ್ನೂ ತೊಳೆದಿಟ್ಟ ಲೋಟದ ಹಾಗೆ ಬಿಡಿಬಿಡಿಯಾಗಿ ಇರಿಸುವ ಆ ಧ್ವನಿ ಎಲೆಕ್ಟ್ರಾನಿಕ್ಸ್ ಮಳಿಗೆಯ ನಟ್ಟನಡುವೆ "ಗ್ರಾಹಕರ ಗಮನಕ್ಕೆ" ಎಂದು ಆರಂಭವಾಯಿತೆಂದರೆ, ಟೀವಿಗಳ ಸಾಲಿನ ಮುಂದೆ ಬಾಯಿ ತೆರೆದು ನಿಂತವರು, ವಾಷಿಂಗ್ ಮಷೀನಿನ ಬಾಗಿಲನ್ನು ಸುಮ್ಮಸುಮ್ಮನೆ ತೆರೆದು ಮುಚ್ಚುತ್ತಿದ್ದವರು, ಕಂತಿನ ಲೆಕ್ಕದಲ್ಲಿ ಮುನಿಸಿಕೊಂಡಿದ್ದ ದಂಪತಿಗಳು, ಎಲ್ಲರೂ ತಮ್ಮ ಗಾಡಿ ಬಂತೇನೋ ಎಂಬಂತೆ ತಲೆಯೆತ್ತುತ್ತಾರೆ.

ತಾನು ಹೇಳುವ ತನಕ ಯಾವ ಗಾಡಿಯೂ ಹೊರಡುವುದಿಲ್ಲ ಎಂದು ಬಲ್ಲವಳ ನಡಿಗೆ ಅವಳದು. ಅವಸರವೆಂಬುದು ಪ್ರಯಾಣಿಕರಿಗೆ ಅಂಟುವ ಕಾಯಿಲೆ ಎಂದು ದೃಢವಾಗಿ ನಂಬಿದ್ದಾಳೆ. ಇಲಾಖೆ ಕೊಟ್ಟ ಕಡುನೀಲಿ ಕೋಟನ್ನು ನಿವೃತ್ತಿಯ ನಂತರವೂ ಬಿಟ್ಟಿಲ್ಲ. ಮೊಣಕೈಯಲ್ಲಿ ಬಣ್ಣ ಹಾರಿದೆ, ಗುಂಡಿಗಳು ಒಂದರಂತೆ ಇನ್ನೊಂದಿಲ್ಲ, ಆದರೂ ಅಂಗಡಿಗೆ ಹೊರಟಳೆಂದರೆ ಅದು ಮೈಮೇಲೆ ಇರಲೇಬೇಕು. ಬಲಜೇಬಿನಲ್ಲಿ ಫೋನು, ಎಡಜೇಬಿನಲ್ಲಿ ಕನ್ನಡಕ, ಒಳಜೇಬಿನಲ್ಲಿ ಹಣ. ಹೊರಗಿನ ಎರಡು ಜೇಬುಗಳ ಕೆಲಸ ಮುಗಿಯದೆ ಒಳಜೇಬಿಗೆ ಕೈ ಹೋದದ್ದನ್ನು ನಾನು ಬಹುಕಾಲ ಕಂಡಿರಲಿಲ್ಲ.

ನಾನು ಹೊಸದಾಗಿ ಸಂಸಾರ ಹೂಡಿದಾಗ ಫ್ರಿಜ್ ಕೊಳ್ಳಲು ಅವಳನ್ನು ಕರೆದುಕೊಂಡು ಹೋದೆ; ಸರಿಯಾಗಿ ಹೇಳಬೇಕೆಂದರೆ ಅವಳೇ ನನ್ನನ್ನು ಎಳೆದುಕೊಂಡು ಹೋದಳು. ನಾನೋ ಅಂಗಡಿಯವರು ಹೇಳಿದಷ್ಟು ಬೆಲೆ ಕೊಟ್ಟು, ಮೇಲೊಂದು ಥ್ಯಾಂಕ್ಸನ್ನೂ ಕೊಟ್ಟು ಬರುವ ಪೈಕಿ. ಮಳಿಗೆಯ ಬಾಗಿಲಲ್ಲೇ ಆಳೆತ್ತರದ ಫಲಕವಿತ್ತು: ಇದಕ್ಕಿಂತ ಕಡಿಮೆ ಬೆಲೆ ಎಲ್ಲೇ ಕಂಡರೂ ತೋರಿಸಿ, ನಾವೂ ಅದೇ ಬೆಲೆಗೆ ಕೊಡುತ್ತೇವೆ. ಅತ್ತೆ ಕನ್ನಡಕ ಏರಿಸಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಒಳಗೆ ಹೋಗಿ ತನ್ನ ಫೋನನ್ನು ಮುಂದೆ ಹಿಡಿದಳು. ಸೇಲ್ಸ್‌ಮನ್ ಕನಿಕರದಿಂದ ನಕ್ಕ.

"ಆನ್‌ಲೈನ್ ರೇಟಿಗೆಲ್ಲ ಅದು ಅನ್ವಯಿಸಲ್ಲ ಮೇಡಂ."

"ಎಲ್ಲೇ ಅಂತ ಬರ್ದಿದೀರಲ್ಲಪ್ಪಾ. ಆನ್‌ಲೈನು ಲೋಕದಿಂದ ಆಚೆ ಇದೆಯಾ?"

ಮ್ಯಾನೇಜರನ್ನು ಕೇಳಿ ಬರುತ್ತೇನೆಂದು ಹೋದ ಅವನು, ಯಾರನ್ನೂ ಕೇಳದೆ ಒಂದು ಕಂಬದ ಹಿಂದೆ ನಿಂತಿದ್ದು ತಿರುಗಿ ಬಂದು, ಆಗುವುದಿಲ್ಲವಂತೆ ಎಂದ. ಆಗ ಹೊರಟಿತು ಪ್ರಕಟಣೆ. ಗ್ರಾಹಕರ ಗಮನಕ್ಕೆ. ಬಾಗಿಲಿನ ಫಲಕದಲ್ಲಿ ಕೊಟ್ಟಿರುವ ಮಾತನ್ನು ಈ ಅಂಗಡಿಯವರು ನಡೆಸಿಕೊಡುವುದಿಲ್ಲ. ಇನ್ನೊಮ್ಮೆ ಹೇಳುತ್ತೇನೆ. ಇನ್ನೊಮ್ಮೆ ಹೇಳುವ ಪ್ರಸಂಗ ಬರಲಿಲ್ಲ. ನಿಜವಾದ ಮ್ಯಾನೇಜರು ಒಳಗಿನಿಂದ ಓಡಿಬಂದು ಕುರ್ಚಿ ಹಾಕಿ, ಫೋನಿನಲ್ಲಿದ್ದ ಬೆಲೆಗೇ ಬಿಲ್ ಬರೆಸಿದ. ಇಷ್ಟೂ ಹೊತ್ತು ನಾನು ಅವಳಿಗೆ ಏನೂ ಆಗಬೇಕಾದವನಲ್ಲ ಎಂಬಂತೆ ಇಸ್ತ್ರಿಪೆಟ್ಟಿಗೆಗಳ ಕಡೆ ಮುಖ ಮಾಡಿ ನಿಂತಿದ್ದೆ.

ದಾರಿಯಲ್ಲಿ, ಇಷ್ಟೆಲ್ಲ ರಂಪ ಮಾಡುವ ಬದಲು ಫೋನಿನಲ್ಲೇ ತರಿಸಬಹುದಿತ್ತಲ್ಲ ಎಂದೆ. ಅತ್ತೆ ನಿಂತುಬಿಟ್ಟಳು.

"ಕೆಟ್ಟು ಕೂತ್ರೆ ಯಾರ ಮುಖ ನೋಡಿ ಬೈಲಿ? ಒಂದು ಒತ್ತಿ, ಎರಡು ಒತ್ತಿ ಅನ್ನುತ್ತೆ ಅದು. ನನಗೆ ಅಂಗಡೀನೂ ಬೇಕು, ಆ ಬೆಲೇನೂ ಬೇಕು ಕಣೋ. ಎರಡರಲ್ಲಿ ಒಂದು ಆರಿಸ್ಕೋ ಅನ್ನೋಕೆ ಇವರ್ಯಾರು?"

ಹಾಗೆಂದು ಅವಳದು ಕುರುಡು ಹಟವಲ್ಲ. ಸಾಗಣೆಯ ಖರ್ಚನ್ನು ತಾನೇ ಕೂಡಿಸಿ ಹೇಳುತ್ತಿದ್ದಳು. ಒಂದೇ ದಿನಕ್ಕೆ ಇಳಿಸಿದ ಆಮಿಷದ ಬೆಲೆಯನ್ನು ಹಿಡಿದು ಹೋಗುತ್ತಿರಲಿಲ್ಲ. ಒಮ್ಮೆ ಯಾರೋ ಯುವಕ, ಬಳಸಿ ಬಿಟ್ಟ ಮಾಲಿನ ಬೆಲೆ ತೋರಿಸಿ ಹೊಸ ಲ್ಯಾಪ್‌ಟಾಪಿಗಾಗಿ ಅಂಗಡಿಯವನ ತಲೆ ತಿನ್ನುತ್ತಿದ್ದಾಗ, ಪಕ್ಕದಲ್ಲಿದ್ದ ಅತ್ತೆ ಅವನ ಫೋನು ಇಸಿದುಕೊಂಡು ನೋಡಿ, ಅಂಗಡಿಯವನ ಪರವಾಗಿ ಅವನನ್ನೇ ತರಾಟೆಗೆ ತೆಗೆದುಕೊಂಡಳು. ಅಂಗಡಿಯವನಿಗೆ ಆ ದಿನ ನಗಬೇಕೋ ಹೆದರಬೇಕೋ ತಿಳಿಯಲಿಲ್ಲ.

ಈ ಸ್ವಭಾವ ಬರಿಯ ಅಂಗಡಿಗಳಿಗೆ ಮೀಸಲಾದದ್ದೂ ಅಲ್ಲ. ನಿಲ್ದಾಣಕ್ಕೆ ಯಂತ್ರ ಬರುವ ಕಾಲದಲ್ಲಿ ಮೇಲಧಿಕಾರಿಗಳು ಅವಳನ್ನು ಕರೆಸಿ, ಊರುಗಳ ಹೆಸರು, ಅಂಕಿಗಳು, ಕ್ಷಮೆ ಕೋರುವ ವಾಕ್ಯ, ಎಲ್ಲವನ್ನೂ ಓದಿ ರೆಕಾರ್ಡ್ ಮಾಡಿಕೊಡಬೇಕೆಂದರು. ಅತ್ತೆ ಇದಕ್ಕೇನು ಕೊಡುತ್ತೀರಿ ಎಂದು ಕೇಳಿದಳು. ಹೇಗೂ ಸಂಬಳ ಬರುತ್ತಿದೆಯಲ್ಲ ಎಂದು ಅವರು ನಕ್ಕರು. ಸಂಬಳ ಇವತ್ತಿನ ಮಾತಿಗೆ, ನಾನಿಲ್ಲದಾಗಲೂ ಆಡುವ ಮಾತಿಗೆ ಬೇರೆ ಬೆಲೆ ಎಂದು ಅವಳು ಎದ್ದು ಬಂದಳು. ಬೇರೆ ಯಾರನ್ನೋ ಹಿಡಿದು ರೆಕಾರ್ಡ್ ಮಾಡಿಸಿದರು. ಈಗಲೂ ಪ್ಲಾಟ್‌ಫಾರ್ಮಿನಲ್ಲಿ ಆ ಹೆಣ್ಣುದನಿ ಕೇಳಿದಾಗ ಅತ್ತೆಗೆ ಮತ್ಸರವಿಲ್ಲ, "ಪಾಪ, ಇವಳಿಗೂ ಏನೂ ಕೊಟ್ಟಿರಲ್ಲ" ಎಂಬ ಸಂಕಟ ಮಾತ್ರ.

ಇಂಥ ಅತ್ತೆ ಎದೆಗುಂದಿದ್ದನ್ನು ನಾನು ಒಮ್ಮೆ ನೋಡಿದ್ದೇನೆ. ಮಾವ ಲಿಫ್ಟ್ ರಿಪೇರಿಯವರು. ದುಡಿಮೆಯ ಕಾಲವನ್ನೆಲ್ಲ ಮೋಟಾರುಗಳ ಮಗ್ಗುಲಲ್ಲಿ ಕಳೆದು ಕಿವಿಯನ್ನು ಅವಕ್ಕೇ ಒಪ್ಪಿಸಿಬಂದಿದ್ದರು. ಮೊದಮೊದಲು ಇನ್ನೊಮ್ಮೆ ಹೇಳು ಎನ್ನುತ್ತಿದ್ದವರು, ಆಮೇಲೆ ಎಲ್ಲಕ್ಕೂ ತಲೆಯಾಡಿಸತೊಡಗಿದರು. ಕಡೆಗೆ ತಲೆಯಾಡಿಸುವುದನ್ನೂ ಬಿಟ್ಟು ಕಿಟಕಿಯ ಹತ್ತಿರ ಕೂತುಬಿಟ್ಟರು. ಗೆಳೆಯರೊಬ್ಬರ ಕಿವಿಯಂತ್ರವನ್ನು ಹಾಕಿ ನೋಡಿ, ತಲೆಯೊಳಗೆ ಪಾತ್ರೆ ಬಿದ್ದ ಹಾಗಾಯಿತೆಂದು ಕಿತ್ತು ಕೊಟ್ಟಿದ್ದರು. ಒಂದು ಸಂಜೆ ಅಡುಗೆಮನೆಯಲ್ಲಿ ಅತ್ತೆ ನನ್ನ ಕಡೆ ತಿರುಗದೆಯೇ, "ನನ್ನ ಮಾತು ಊರಿಗೆಲ್ಲ ಕೇಳತ್ತೆ, ಇವರಿಗೊಬ್ಬರಿಗೆ ಕೇಳಲ್ಲ ಕಣೋ" ಎಂದಳು. ಅವಳಿಗೆ ಭಯವಾಗಿತ್ತು. ಮನೆಯೊಳಗೇ ಇದ್ದ ಮನುಷ್ಯ ಕೈತಪ್ಪಿ ಹೋಗುತ್ತಿದ್ದಾರೆಂಬ ಭಯ.

ಕಿವಿಯಂತ್ರದ ಅಂಗಡಿ ಎರಡನೆಯ ಮಹಡಿಯಲ್ಲಿತ್ತು. ಮುಂಭಾಗದಲ್ಲಿ ಮಾಲೀಕನ ಮೇಜು, ಗೋಡೆಯುದ್ದಕ್ಕೂ ಕಾಯುವವರ ಬೆಂಚು, ಮೂಲೆಯಲ್ಲಿ ಗಾಜಿನ ಪುಟ್ಟ ಕೋಣೆ. ಅಲ್ಲಿದ್ದ ಹುಡುಗಿ ಮಾವನ ಕಿವಿಯನ್ನು ಪರೀಕ್ಷಿಸಿ, ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ, ಒಂದು ಸದ್ದು ಇಳಿಸಿ ಇನ್ನೊಂದು ಏರಿಸಿ, ಚಮಚ ತಟ್ಟಿ, ಕಾಗದ ಹರಿದು, ಹೇಗೆ ಕೇಳುತ್ತಿದೆ ಎಂದು ಬೇಸರವಿಲ್ಲದೆ ಮತ್ತೆ ಮತ್ತೆ ಕೇಳಿ, ಅಂತೂ ಅವರ ಕಿವಿಗೆ ಅದನ್ನು ಒಗ್ಗಿಸಿದಳು. ಮಾವ ಹೊರಗೆ ಬಂದಾಗ ಅವರ ಮುಖದಲ್ಲಿದ್ದ ನಗೆಯನ್ನು ಕಂಡು ಅತ್ತೆ ಮುಖ ತಿರುಗಿಸಿಕೊಂಡಳು.

ಆಮೇಲೆ ಬೆಲೆಯ ಮಾತು ಬಂತು. ಫೋನಿನಲ್ಲಿ ಅದೇ ಯಂತ್ರ ಹೆಚ್ಚುಕಡಿಮೆ ಅರ್ಧಕ್ಕೆ ಸಿಗುತ್ತಿತ್ತು. ಮಾಲೀಕ ಅದರ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. "ಅಲ್ಲೇ ತರಿಸ್ಕೊಳ್ಳಿ ಅಮ್ಮಾ, ಬೇಡ ಅಂದೋರ್ಯಾರು? ಆದ್ರೆ ಟ್ಯೂನಿಂಗಿಗೆ ಅಂತ ನಮ್ಮ ಮೆಟ್ಟಿಲು ಹತ್ತಬೇಡಿ." ಅತ್ತೆ ಕೋಟು ಸರಿಪಡಿಸಿಕೊಂಡು ಗ್ರಾಹಕರ ಗಮನಕ್ಕೆ ಎಂದಳು. ಒಬ್ಬರೂ ತಲೆಯೆತ್ತಲಿಲ್ಲ. ಎತ್ತುವುದಾದರೂ ಹೇಗೆ, ಬೆಂಚಿನ ಮೇಲೆ ಕೂತವರೆಲ್ಲ ಕಿವಿ ಕೇಳದವರು! ಮಾಲೀಕ ಹುಬ್ಬು ಹಾರಿಸಿ ನಕ್ಕು, ಹಾಗಾದರೆ ಟ್ರಯಲ್ ಪೀಸನ್ನು ಬಿಚ್ಚಿಕೊಡಿ ಎಂದು ಮಾವನ ಕಡೆ ಕೈ ಚಾಚಿದ. ಮಾವ ಥಟ್ಟನೆ ಅಂಗೈಯಿಂದ ಕಿವಿ ಮುಚ್ಚಿಕೊಂಡರು.

ಅದನ್ನು ಕಂಡು ಅತ್ತೆ ಸೋತಳು. ಅವಳ ಕೈ ಕೋಟಿನ ಒಳಜೇಬಿಗೆ ಹೋಯಿತು. ಕೇಳಿದಷ್ಟನ್ನೂ ಎಣಿಸಿ ಕೊಡುವುದಕ್ಕೆ ಅವಳು ಸಿದ್ಧಳಾಗಿದ್ದಳು, ನನಗೂ ಅದೇ ಸರಿಯೆನಿಸಿತ್ತು.

"ಕೊಡಬೇಡ," ಎಂದರು ಮಾವ. "ಅವನು ಹೇಳಿದ್ದು ಈಗ ನನಗೂ ಕೇಳಿಸ್ತು."

ಎಷ್ಟೋ ತಿಂಗಳ ಮೇಲೆ ಅವರು ಆಡಿದ ಪೂರ್ತಿ ವಾಕ್ಯಗಳು ಅವು. ತಾವೇ ಯಂತ್ರವನ್ನು ಬಿಚ್ಚಿ, ಮೇಜಿನ ಮೇಲಿಟ್ಟು, ಏನೂ ಕೇಳದ ತಮ್ಮ ಲೋಕಕ್ಕೆ ಮರಳಿ, ಕೈಕಟ್ಟಿ ಹೆಂಡತಿಯ ಪಕ್ಕದಲ್ಲಿ ನಿಂತರು. ಅತ್ತೆ ಅವರನ್ನೇ ಒಂದು ಗಳಿಗೆ ನೋಡಿದಳು. ಜೇಬಿನಿಂದ ಖಾಲಿ ಕೈಯನ್ನು ಹೊರತೆಗೆದು, ಗಾಜಿನ ಕೋಣೆಯ ಬಾಗಿಲಲ್ಲಿದ್ದ ಹುಡುಗಿಯ ಕಡೆ ತಿರುಗಿದಳು.

"ಈ ಟ್ಯೂನಿಂಗಿಗೆ ನೀನೆಷ್ಟು ತಗೋತೀಯಮ್ಮಾ?"

"ನಾನೇನೂ ತಗೊಳಲ್ಲ ಅಮ್ಮಾ. ಎಲ್ಲಾ ಮಷೀನಿನ ರೇಟಲ್ಲೇ ಸೇರಿರತ್ತೆ. ನನಗೆ ತಿಂಗಳ ಸಂಬಳ ಅಷ್ಟೆ." ಆ ಸಂಬಳ ಎಷ್ಟಿದ್ದೀತೆಂದು ಅವಳ ಸವೆದ ಚಪ್ಪಲಿ ನೋಡಿದರೇ ತಿಳಿಯುತ್ತಿತ್ತು.

"ಹಾಗಿದ್ರೆ ಮಷೀನಿಗೆ ಮಷೀನಿನ ಬೆಲೆ, ಫೋನಲ್ಲಿರೋದೇ. ನಿನ್ನ ಕೆಲಸಕ್ಕೆ ನಿನ್ನ ಬೆಲೆ, ನೀನೇ ಹೇಳು, ನಿನ್ನ ಕೈಗೇ ಕೊಡ್ತೀನಿ. ಎರಡನ್ನೂ ಬೇರೆ ಬೇರೆ ಬಿಲ್ ಮಾಡೋ ತನಕ ನಾವು ಏಳಲ್ಲ." ಹೀಗೆಂದು ಮಾಲೀಕನ ಎದುರಿನ ಕುರ್ಚಿಯಲ್ಲಿ, ತಡವಾದ ಗಾಡಿಗೆ ಕಾಯುವವಳಂತೆ ನೆಮ್ಮದಿಯಾಗಿ ಕೂತಳು.

ಬೆಂಚಿನಲ್ಲಿದ್ದ ಮುದುಕರೊಬ್ಬರು ಏನೋ ನಡೆಯುತ್ತಿದೆ ಎಂದಷ್ಟೇ ತಿಳಿದು, ಏನಂತೆ ಎಂದು ಹುಡುಗಿಯ ತೋಳು ಎಳೆದರು. ಹುಡುಗಿ ಮಾಲೀಕನ ಮುಖ ನೋಡಿದಳು. ಅತ್ತೆಯ ಮುಖ ನೋಡಿದಳು. ಮುದುಕರ ಎದುರು ಮೊಣಕಾಲೂರಿ, ತುಟಿ ಕಾಣುವಂತೆ ಮುಖವೆತ್ತಿ, ಕಿವುಡರೊಡನೆ ಮಾತಾಡಿ ಪಳಗಿದವರ ನಿಧಾನದಲ್ಲಿ, ಯಂತ್ರಕ್ಕೊಂದು ಬೆಲೆ, ನನ್ನ ಕೆಲಸಕ್ಕೊಂದು ಬೆಲೆ, ಬೇರೆ ಬೇರೆ ಬರೀಬೇಕಂತೆ ಎಂದಳು. ಪಕ್ಕದವರಿಗೂ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ಗಟ್ಟಿಯಾಯಿತು. ಬೆಂಚಿನ ಕೊನೆ ಮುಟ್ಟುವ ಹೊತ್ತಿಗೆ, ನಮಗೂ ಹಾಗೇ ಬರೆದುಕೊಡಿ ಎಂದು ಕಿವಿ ಕೇಳದವರು ತಮಗೇ ಗೊತ್ತಾಗದಷ್ಟು ಜೋರಾಗಿ ಕೂಗತೊಡಗಿದ್ದರು. ಮಾಲೀಕ ಬಿಲ್ ಪುಸ್ತಕ ತೆರೆದ.

ಹುಡುಗಿ ಮೊದಲು ಹೇಳಿದ ಮೊತ್ತವನ್ನು ಅತ್ತೆ ಒಪ್ಪಲಿಲ್ಲ, ಅದು ಕಡಿಮೆಯಾಯಿತೆಂದು. ಮೆಟ್ಟಿಲಿಳಿಯುವಾಗ, ಕೊನೆಗೂ ಆನ್‌ಲೈನಿಗಿಂತ ಹೆಚ್ಚೇ ಕೊಟ್ಟೆಯಲ್ಲ ಎಂದು ಕೆಣಕಿದೆ. "ಮಷೀನಿಗೆ ಒಂದು ಕಾಸೂ ಹೆಚ್ಚು ಕೊಟ್ಟಿಲ್ಲ," ಎಂದಳು. ಅವಳು ಅದನ್ನು ಹೇಳಿದ್ದು ನನಗಲ್ಲ, ಮಾವನಿಗೆ, ತೀರ ಮೆಲ್ಲಗೆ. ಮಾವ ಹೌದೆಂದರು.

ಇಂಥವರನ್ನು ನಾವು ಜಿಪುಣರು, ಜಗಳಗಂಟರು ಎಂದು ಮೂಗು ಮುರಿಯುತ್ತೇವೆ. ಅವರೊಡನೆ ಅಂಗಡಿಗೆ ಹೋಗಲು ನಾಚುತ್ತೇವೆ. ಹೇಳಿದ ಬೆಲೆ ಕೊಟ್ಟು ಬರುವ ನಾವು ಧಾರಾಳಿಗಳೆಂದು ಹೆಸರು ಪಡೆದಿದ್ದೇವೆ, ಆದರೆ ನಮ್ಮ ಧಾರಾಳತನದ ಬಹುಪಾಲು ಬಾಯಿ ಬಿಟ್ಟು ಕೇಳಲಾರದ ಪುಕ್ಕಲುತನವೇ. ನಾವು ಸುಮ್ಮನೆ ಕೊಟ್ಟು ಬಂದ ಹಣ ಯಾರ ಕೈ ಸೇರಿತು, ಯಾರ ಕೈ ಸೇರಲಿಲ್ಲ ಎಂದು ನಾವು ತಿರುಗಿ ನೋಡಿದವರಲ್ಲ. ತಿರುಗಿ ನೋಡುವ, ನೋಡಿ ಕೂಗುವ, ಕೂಗಿ ಕೂತೇಬಿಡುವ ಇಂಥ ನಾಲ್ಕು ಜನವೂ ಇಲ್ಲದೆ ಹೋಗಿದ್ದರೆ, ಈ ಲೋಕದಲ್ಲಿ ಮಾರುವವನು ಹೇಳಿದ್ದೇ ಬೆಲೆಯಾಗಿ, ಮಾಡುವವನಿಗೆ ಬೆಲೆಯೇ ಇಲ್ಲದೆ ಹೋಗುತ್ತಿತ್ತು.