ಹೊರಗಿನಿಂದ ಬಂದ ಮಾತು

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ದ್ರಾನ ಕಾಫಿ ತಂದಿಟ್ಟಳು. ಮಗನಿಗೆ ಹೆಣ್ಣು ಕೇಳಲು ಬಂದಿದ್ದ ಪ್ರೆಕ್ ಬಟ್ಟಲನ್ನು ಮುಟ್ಟಲಿಲ್ಲ. ಹೆಣ್ಣಿನ ಮನೆಯವರು ಹೂಂ ಎನ್ನುವ ತನಕ ಕುಡಿಯುವಂತಿಲ್ಲ. ಕುಡಿಯದೆ ಎದ್ದರೆ ಸಂಬಂಧ ಮುರಿಯಿತೆಂದೇ ಲೆಕ್ಕ.

ದ್ರಾನಳ ಅಜ್ಜ ಮಾರಾಶ್ ಹೂಂ ಎನ್ನುವುದರಲ್ಲೇ ಇದ್ದ. ರಾಕಿ ಸಾರಾಯಿಯ ಲೋಟ ಎತ್ತಿಯೂ ಆಗಿತ್ತು.

"ಇನ್ಮೇಲೆ ನೀವು ನಮ್ಗೆ ಮಿಕ್. ಗೆಳೆಯ ಅಂದ್ರೂ ಮಿಕ್, ಮನೆಗೆ ಬಂದ ಅತಿಥಿ ಅಂದ್ರೂ ಮಿಕ್, ಬೀಗ ಅಂದ್ರೂ ಮಿಕ್. ಇಂಥಾ ಮಾತು ಬೇರೆ ಯಾರ ಹತ್ರ ಇದೆ ಹೇಳಿ? ಈ ಬೆಟ್ಟದಲ್ಲೇ ಹುಟ್ಟಿದ್ದು!"

ಹುಡುಗ ತೌಲಾಂತ್ ತಿರಾನಾದಲ್ಲಿ ನಿಘಂಟಿನ ಕೆಲಸ ಮಾಡುವವನು. ಅಜ್ಜನ ಮುಂದೆ ಪದಗಳ ವಿಚಾರ ಎತ್ತಬೇಡ ಎಂದು ದ್ರಾನ ಹಿಂದಿನ ದಿನವೇ ಹೇಳಿದ್ದಳು.

"ಇಲ್ಲ ತಾತ, ಅದು ಲ್ಯಾಟಿನ್ ಮಾತು. ಅಮೀಕುಸ್ ಅಂತಿತ್ತು. ರೋಮನ್ನರ ಕಾಲದಲ್ಲಿ ಬಂತು," ಎಂದೇಬಿಟ್ಟ ತೌಲಾಂತ್.

ಲೋಟ ಕೆಳಗಿಳಿಯಿತು. ಪ್ರೆಕ್ ಮಗನ ಕಡೆ ನೋಡಿದ ನೋಟಕ್ಕೆ ಹಾಲು ಒಡೆಯಬೇಕು. ದ್ರಾನ ಕೈಯಲ್ಲಿದ್ದ ತಟ್ಟೆಯನ್ನು ಎದೆಗವಚಿಕೊಂಡಳು.

"ನಮ್ಮ ಮಿಕ್ ಹೊರಗಿನವನಾ?" ಅಜ್ಜ ಕೇಳಿದ. "ಬಾಗಿಲು ತಟ್ಟಿ ಬಂದನೋ, ಒಡೆದು ಬಂದನೋ?"

ಸುಳ್ಳು ಹೇಳಲು ತೌಲಾಂತನಿಗೆ ಬರದು. "ರೋಮನ್ನರು ಒಡೆದೇ ಬಂದ್ರು ತಾತ. ಆಮೇಲೆ ಅವ್ರು ಹೋದ್ರು, ಮಾತು ಹೋಗ್ಲಿಲ್ಲ."

ಒಲೆಯ ಬಳಿ ಜೋಳದ ರೊಟ್ಟಿ ಮುರಿಯುತ್ತಿದ್ದ ಅಜ್ಜಿ ಲಿಜ ತಲೆಯೆತ್ತಿದಳು.

"ಅಲ್ಲಾ ರೀ, ನಾನು ಹುಟ್ಟಿದ್ದು ಈ ಬೆಟ್ಟದಲ್ಲಾ? ಕಣಿವೆ ಆಚೆಯಿಂದ ಕುದುರೆ ಮೇಲೆ ಕೂರಿಸ್ಕೊಂಡು ಬಂದ್ರಿ. ಐವತ್ತು ವರ್ಷದಿಂದ ನಿಮ್ಮ ಉಪ್ಪು ತಿಂತಿದೀನಿ. ನಾನಿನ್ನೂ ಹೊರಗಿನವಳಾ?"

"ನಿನ್ನ ವಿಷಯ ಬೇರೆ ಕಣೇ."

"ಹೇಗೆ ಬೇರೆ? ನಿಮ್ಮಮ್ಮ ಎಲ್ಲಿಯವರು? ಅವರಮ್ಮ ಎಲ್ಲಿಯವರು? ಮನೆಮಗಳನ್ನ ಮನೆಗೇ ಕೊಡಕ್ಕಾಗುತ್ತಾ? ನಾಳೆ ದ್ರಾನನೂ ಅವ್ರ ಮನೆಗೆ ಹೊರಗಿನವಳೇ. ಎರಡು ಸಾವಿರ ವರ್ಷ ಉಂಡ ಮಾತನ್ನ ಇವತ್ತು ಆಚೆ ಕಳಿಸ್ತೀರಾ? ಕಳಿಸಿ, ನಾನೂ ಗಂಟು ಕಟ್ತೀನಿ."

ಅಜ್ಜನ ಮೀಸೆ ಮೊದಲು ಅಲುಗಿತು. ಆಮೇಲೆ ಹೊಟ್ಟೆ. ಕೊನೆಗೆ ಕೆಮ್ಮು ಬರುವಷ್ಟು ನಕ್ಕು ತೌಲಾಂತನ ಬೆನ್ನಿಗೆ ಗುದ್ದಿದ.

"ಸುಳ್ಳು ಹೇಳಕ್ಕೆ ಬರಲ್ಲ ಅಲ್ವೇನೋ ನಿಂಗೆ? ಮೊಮ್ಮಗಳು ನೆಮ್ಮದಿಯಾಗಿರ್ತಾಳೆ ಬಿಡು. ಪ್ರೆಕ್, ಕುಡಿಯಪ್ಪಾ ಮಿಕ್!"

ಕಾಫಿ ತಣ್ಣಗಾಗಿತ್ತು. ಪ್ರೆಕ್ ಅದನ್ನು ಒಂದೇ ಗುಟುಕಿಗೆ ಕುಡಿದ. ದ್ರಾನ ಎಲ್ಲರಿಗೂ ಬಿಸಿ ಕಾಫಿ ಮಾಡಲು ಒಳಗೆ ಹೋದಳು.